ಕಾರ್ಡಿನ ಗೆರೆ ಮೇಲೇರುತ್ತಿದೆಯೇ?

ಹನೂರು, ಕೊಳ್ಳೇಗಾಲದ ಕಡೆ ತೆಳ್ಳಗಿರುವ ಕೂಸನ್ನು ಕಂಡರೆ ಹಿರಿಯರು "ನಮ್ಮ ವಂಶದೋರೇ ಸಣ್ಣಗಿರೋದು" ಅಂದುಬಿಡುತ್ತಾರೆ. ಈ ಮಾತನ್ನು ನೆಚ್ಚಬೇಡಿ. ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಬೆಳವಣಿಗೆಯ ಮಾನದಂಡ ಪ್ರಕಟಿಸಿತು. ಎದೆಹಾಲು, ಒಳ್ಳೆಯ ಊಟ, ಆರೈಕೆ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತವೆ ಎಂದು ಅದರಿಂದ ತಿಳಿಯಿತು. ಬಿಳಿಗಿರಿರಂಗನಬೆಟ್ಟದ ಪೋಡಿನ ಸೋಲಿಗರ ಮಗುವಿಗೂ ಅದೇ ಅಳತೆ.

ಹಂತ 1: ಮಗುವಿನ ತೂಕದ ನಕ್ಷೆಯಿರುವ ತಾಯಿ ಕಾರ್ಡ್ ಜೋಪಾನ ಮಾಡಿ. ಕೂಲಿಗೆಂದು ಕೊಡಗಿನ ತೋಟಕ್ಕೆ ಹೊರಟರೂ ಜೊತೆಗಿರಲಿ.

ಹಂತ 2: ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಬಟ್ಟೆ, ಟೋಪಿ, ಕಾಲ್ಗೆಜ್ಜೆ, ಕಡಗ ಬಿಚ್ಚಿ. ಐವತ್ತು ಗ್ರಾಂ ವ್ಯತ್ಯಾಸವೂ ಎಳೆಗೂಸಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಮಗು ಒದೆಯುವುದು ನಿಂತು ಮುಳ್ಳು ಅಲುಗಾಡದಿದ್ದಾಗ ಓದಿ. ದೃಷ್ಟಿಯಾಗುತ್ತದೆಂಬ ಅಳುಕಿದ್ದರೆ ಮಗುವಿಗೆ ಬೊಟ್ಟಿಟ್ಟೇ ಕರೆತನ್ನಿ, ತೂಕ ಮಾತ್ರ ತಪ್ಪಿಸಬೇಡಿ.

ಹಂತ 3: ಕಾರ್ಡಿನಲ್ಲಿ ಚುಕ್ಕೆ ಇಡಿಸಿ. ಕೆಳಗಿನ ಸಾಲಿನಲ್ಲಿ ತುಂಬಿದ ತಿಂಗಳು, ಎಡಗಡೆ ಕಿಲೋ. ಹಿಂದಿನ ಚುಕ್ಕೆಗೆ ಗೆರೆ ಸೇರಿಸಿ. ಎಲ್ಲಕ್ಕಿಂತ ಮುಖ್ಯ ಈ ಗೆರೆಯೇ. ಹುಟ್ಟಿದ ವಾರದಲ್ಲಿ ತೂಕ ತುಸು ಇಳಿದು ಎರಡು ವಾರದೊಳಗೆ ಮರಳುವುದು ಸಹಜ. ಐದಾರು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಸುಮಾರು ಮೂರರಷ್ಟು ಆಗಬೇಕು. ಚುಕ್ಕೆ ಹಸಿರು ಪಟ್ಟಿಯಲ್ಲೇ ಇದ್ದರೂ ಗೆರೆ ಅಡ್ಡಕ್ಕೆ ಮಲಗಿದರೆ ಎಚ್ಚರ. ಭೇದಿಯಾಯಿತೇ? ಆರು ತಿಂಗಳು ತುಂಬಿದ ಮೇಲೂ ಬರೀ ಹಾಲಿನಲ್ಲೇ ಇದೆಯೇ? ಆರು ತಿಂಗಳು ತುಂಬಿದ್ದರೆ ಗಟ್ಟಿ ರಾಗಿ ಸರಿಗೆ ತುಪ್ಪ, ನುಣ್ಣಗೆ ಬೆಂದ ಬೇಳೆ, ಮೊಟ್ಟೆ ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಿಸಿ. ನೀರಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ತೂಕ ಬರುವುದಿಲ್ಲ.

ಹಂತ 4: ಎತ್ತರ ಅಳೆಸಿ. ಎರಡು ವರ್ಷದೊಳಗಿದ್ದರೆ ಮಲಗಿಸಿ, ಆಮೇಲೆ ನಿಲ್ಲಿಸಿ.

ಹಂತ 5: ಆರು ತಿಂಗಳಿನಿಂದ ಐದು ವರ್ಷದವರೆಗೆ ಎಡಗೈಯ ಮೇಲ್ತೋಳಿನ ನಡುಭಾಗಕ್ಕೆ ಟೇಪು ಸುತ್ತಿಸಿ. 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ.

ಹಂತ 6: ಎರಡೂ ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ. ಗುಳಿ ಹಾಗೇ ಉಳಿದರೆ ಅದು ಬಾವು. ಕೂಸು ಗುಂಡಗೆ ಕಂಡರೂ ಮೋಸಹೋಗಬೇಡಿ. ಬಾವು ಕಂಡರೂ, ತೋಳು 11.5ಕ್ಕಿಂತ ಕಡಿಮೆಯಿದ್ದರೂ, ಗೆರೆ ಕೆಳಗಿಳಿದರೂ ಮುಂದಿನ ತಿಂಗಳವರೆಗೆ ಕಾಯದೆ ಆಶಾ ಕಾರ್ಯಕರ್ತೆಗೆ ಹೇಳಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡಿ. ಅಗತ್ಯವಿದ್ದರೆ ವೈದ್ಯರೇ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಮಗುವಿನ ಜೊತೆ ತಾಯಿಯೂ ಉಳಿಯಬಹುದು.