ಹಣ್ಣು ಬಿಡಿಸುವ ಕೈಯ ಬೆಲೆ

ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಬೆಲೆಯೆಂಬುದು ಎರಡು ರೇಖೆಗಳು ಒಂದನ್ನೊಂದು ಕೂಡುವ ಬಿಂದುವಾಗಿರುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಒಂದು ಕಿಲೋ ಪೇರಲಹಣ್ಣಿನ ಬೆಲೆಯಲ್ಲಿ ಯಾರ ಯಾರ ಪಾಲು ಎಷ್ಟೆಷ್ಟು ಎಂದು ಕೇಳಿದರೆ ಆ ಬಿಂದುವು ಉತ್ತರ ಹೇಳುವುದಿಲ್ಲ. ಕಳೆದ ಡಿಸೆಂಬರ್ ತಿಂಗಳಲ್ಲಿ ನಾವು ನಾಲ್ವರು ಸಹಪಾಠಿಗಳು ಕವಿತಾಳದ ಸಮೀಪದ ಒಂದು ಹಣ್ಣಿನ ತೋಟವನ್ನೂ ಊರಿನ ಸಂತೆಯನ್ನೂ ನೋಡಿಬಂದೆವು. ಅಲ್ಲಿ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕವಿತಾಳವು ಮೊದಲು ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರ ತಾಲ್ಲೂಕಿಗೆ ಸೇರಿದೆ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಎಡೆದೊರೆ ನಾಡಿನಲ್ಲಿ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ. ಮುಟ್ಟದ ಕಡೆ ಹತ್ತಿ, ತೊಗರಿ, ಜೋಳ. ಬಾವಿಯ ನೀರನ್ನು ನಂಬಿದ ಹಣ್ಣಿನ ತೋಟಗಳು ಅಲ್ಲಲ್ಲಿ ಕಾಣುತ್ತವೆ. ನಾವು ನೋಡಿದ ತೋಟದಲ್ಲಿ ಪೇರಲವೇ ಮುಖ್ಯ; ಬದುವಿನ ಬದಿಗೆ ದಾಳಿಂಬೆಯ ಕೆಲವು ಸಾಲುಗಳಿದ್ದುವು. ಅದರ ವಿಶೇಷವೆಂದರೆ, ಕೊಳ್ಳುವವರೇ ಒಳಗೆ ಹೋಗಿ, ಬೇಕಾದ ಹಣ್ಣನ್ನು ತಾವೇ ಬಿಡಿಸಿಕೊಂಡು, ಬಾಗಿಲಲ್ಲಿ ತೂಗಿಸಿ ಹಣ ಕೊಡಬಹುದು.

ಈ ಪದ್ಧತಿಯು ಪಶ್ಚಿಮ ದೇಶಗಳಲ್ಲಿ ಹಳೆಯದು. 1930 ಮತ್ತು 1940ರ ದಶಕಗಳಲ್ಲಿ ಅಮೆರಿಕದಲ್ಲಿ ಹಣ್ಣಿನ ಬೆಲೆ ಎಷ್ಟು ಕುಸಿಯಿತೆಂದರೆ, ಮಾರಿ ಬಂದ ಹಣದಿಂದ ಕೊಯ್ಲಿನ ಕೂಲಿಯೂ ಪೆಟ್ಟಿಗೆಯ ಖರ್ಚೂ ಹುಟ್ಟದಾದುವು. ಆಗ ರೈತರು ತೋಟದ ಬಾಗಿಲು ತೆರೆದು, ‘ನೀವೇ ಬಿಡಿಸಿಕೊಳ್ಳಿ’ ಎಂದರು. ನಮ್ಮ ರಾಜ್ಯದಲ್ಲಿಯೂ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಬೆಂಗಳೂರಿನ ಜನರನ್ನು ಮಾವಿನ ತೋಪುಗಳಿಗೆ ಕರೆದೊಯ್ದು, ಅವರ ಕೈಯಿಂದಲೇ ಹಣ್ಣು ಕೀಳಿಸಿ ಮಾರುವ ಪ್ರವಾಸಗಳನ್ನು ಏರ್ಪಡಿಸಿದೆ.

ಬೆಳೆದವನನ್ನೂ ತಿನ್ನುವವನನ್ನೂ ಹತ್ತಿರ ತರುವ ಯತ್ನಗಳು ಬೇರೆ ರೀತಿಯಲ್ಲಿಯೂ ನಡೆದಿವೆ. ಇಂದು ಹಾಪ್‌ಕಾಮ್ಸ್ ಎಂದು ನಾವು ಕರೆಯುವ ಸಂಸ್ಥೆಯು 1959ರಲ್ಲಿ ಬೆಂಗಳೂರಿನಲ್ಲಿ, ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿತು. ನೆರೆಯ ಆಂಧ್ರಪ್ರದೇಶದಲ್ಲಿ 1999ರಲ್ಲಿ ರೈತು ಬಜಾರುಗಳು ಆರಂಭವಾದುವು. ಅಲ್ಲಿ ದಲಾಲರಿಗೆ ಎಡೆಯಿಲ್ಲದೆ ರೈತನೇ ಕೂತು ಮಾರುತ್ತಾನೆ.

ಇನ್ನು ನಮ್ಮ ತೋಟಕ್ಕೆ ಬರೋಣ. ಹಿಂದೆ ಇದರ ಮಾಲೀಕರು ಗಿಡ ಕಾಯಿಗಟ್ಟುವ ಹೊತ್ತಿಗೇ ಫಸಲನ್ನು ಗುತ್ತಿಗೆ ಕೊಟ್ಟುಬಿಡುತ್ತಿದ್ದರು. ಗುತ್ತಿಗೆದಾರನು ಕೂಲಿ ಹೆಂಗಸರನ್ನು ಕರೆತಂದು ಬಿಡಿಸಿ, ಪೆಟ್ಟಿಗೆ ತುಂಬಿ ಒಯ್ಯುತ್ತಿದ್ದನು. ನಾವು ಹೋದ ವಾರ ಕವಿತಾಳದ ಸಂತೆಯಲ್ಲಿ ಪೇರಲವು ಕಿಲೋಗೆ 60 ರೂಪಾಯಿ. ತೋಟದ ಬಾಗಿಲಲ್ಲಿ 40 ರೂಪಾಯಿ. ಗುತ್ತಿಗೆಗೆ ಕೊಟ್ಟಿದ್ದರೆ ತಮಗೆ ಕಿಲೋಗೆ 20 ಕೂಡ ಗಿಟ್ಟುತ್ತಿರಲಿಲ್ಲವೆಂದು ಮಾಲೀಕರು ಹೇಳಿದರು. ಹಾಗಾದರೆ ನಡುವಿನ 40 ರೂಪಾಯಿ ಎಲ್ಲಿಗೆ ಹೋಗುತ್ತದೆ? ಬಿಡಿಸುವ ಕೂಲಿ, ಪೆಟ್ಟಿಗೆ, ವಾಹನ, ಹಮಾಲಿ, ದಲಾಲಿ, ಗುತ್ತಿಗೆದಾರನ ಲಾಭ, ಕೊನೆಗೆ ಸಂತೆಯಲ್ಲಿ ಕೂತವಳ ಲಾಭ. ಪೇರಲವು ಹಣ್ಣಾದ ಮೇಲೆ ಎರಡು ಮೂರು ದಿನಕ್ಕಿಂತ ಹೆಚ್ಚು ತಾಳದು. ಕೊಳೆತುದರ ನಷ್ಟವು ಬುಟ್ಟಿಯವಳ ಮೇಲೆಯೇ ಬೀಳುತ್ತದೆ. ಆದುದರಿಂದ ನಡುವೆ ಇರುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮಾಲೀಕರ ಇನ್ನೊಂದು ತೊಂದರೆಯೂ ನಿಜವಾದುದೇ. ಮುಂಗಾರಿಗೆ ಹೂಬಿಟ್ಟ ಪೇರಲವು ನವೆಂಬರಿನಿಂದ ಕೊಯ್ಲಿಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸುವ ಕಾಲವೂ ಅದೇ. ಅದೂ ಸಾಲದೆಂಬಂತೆ ಎಷ್ಟೋ ಸಂಸಾರಗಳು ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗಿರುತ್ತವೆ. ಆಳು ಸಿಕ್ಕದ ತೋಟದಲ್ಲಿ ಹಣ್ಣು ನೆಲಕ್ಕುದುರುತ್ತದೆ. ಹೀಗಿರುವಾಗ ಕೊಳ್ಳುವವನೇ ಬಿಡಿಸಿಕೊಂಡರೆ ರೈತನಿಗೆ ಎರಡು ಚಿಂತೆ ಒಮ್ಮೆಗೇ ತೀರಿದಂತೆ.

ನಾವು ನಾಲ್ವರೂ ಉತ್ಸಾಹದಿಂದ ಒಳಹೊಕ್ಕೆವು. ನಾನೊಂದು ಹಣ್ಣನ್ನು ಹಿಡಿದೆಳೆದೆ; ಎಲೆಗಳೊಡನೆ ಟೊಂಗೆಯೂ ಬಾಗಿ ಬಂದಿತು. ಕಾವಲಿಗಿದ್ದ ಹಿರಿಯ ಹೆಣ್ಣುಮಗಳು ಓಡಿಬಂದು, “ಜಗ್ಗಬ್ಯಾಡ್ರಪ್ಪಾ, ಟೊಂಗಿ ಸೀಳ್ತದ. ಹಿಡಕೊಂಡು ಒಂದೀಟು ತಿರುವ್ರಿ” ಎಂದು ತೋರಿಸಿಕೊಟ್ಟಳು. ಕಡುಹಸಿರು ಹೋಗಿ ತಿಳಿಹಸಿರು, ಹಳದಿ ಛಾಯೆ ಬಂದುದೇ ಬಲಿತ ಪೇರಲದ ಗುರುತು. ದಾಳಿಂಬೆಯಾದರೆ ತಿರುವಿ ಬಿಡಿಸದೆ ತೊಟ್ಟಿನಲ್ಲಿ ಕತ್ತರಿಸಬೇಕು. ಅದರ ದುಂಡು ಮೈ ಪಕ್ಕಗಳಲ್ಲಿ ತುಸು ಚಪ್ಪಟೆಯಾಗಿ, ತುದಿಯ ಕಿರೀಟದ ಎಸಳುಗಳು ಒಳಮುಖವಾದಾಗ ಹಣ್ಣು ಸಿದ್ಧವೆಂದು ತಿಳಿಯಬೇಕು. ಇದಕ್ಕೊಂದು ಕಾರಣವಿದೆ. ಬಲಿತ ಪೇರಲವನ್ನೂ ಮಾವನ್ನೂ ಕಿತ್ತ ಮೇಲೆ ಇಟ್ಟು ಮಾಗಿಸಬಹುದು. ದಾಳಿಂಬೆ, ಮೋಸಂಬಿ, ದ್ರಾಕ್ಷಿಗಳು ಗಿಡದಿಂದ ಬೇರೆಯಾದ ಮೇಲೆ ಮಾಗುವುದಿಲ್ಲ. ಅವುಗಳ ವಿಷಯದಲ್ಲಿ ಕೀಳುವ ಕೈ ತಪ್ಪಿದರೆ ತಿದ್ದುವ ಉಪಾಯವಿಲ್ಲ.

ಸಂಜೆ ಐದು ಕಿಲೋ ಪೇರಲದ ಚೀಲವನ್ನು ಮನೆಯಲ್ಲಿಳಿಸಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಫೀಜು, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಬಂದುದು ಅವ್ವನ ಕೂಲಿಯಿಂದ. ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುತ್ತಾಳೆ. ಗುತ್ತಿಗೆದಾರರು ಕರೆದಾಗ ಹಣ್ಣಿನ ತೋಟಗಳಿಗೂ ಹೋಗಿದ್ದಾಳೆ. ನಾನು ತೋಟದ ಪದ್ಧತಿಯನ್ನು ವರ್ಣಿಸಿದುದನ್ನು ಕೇಳಿ ಅವಳು ನಕ್ಕಳು. “ಅಲ್ಲೋ ಯಪ್ಪಾ, ನಮಗ ಕೂಲಿ ಕೊಟ್ಟು ಬಿಡಸ್ತಿದ್ರು. ನಿಮ್ಮ ಕಡಿಂದ ರೊಕ್ಕಾ ಇಸ್ಕೊಂಡು ಬಿಡಸ್ಯಾರಲ್ಲ!” ಎಂದಳು. ಹಾಗೆಂದು ಚೀಲವನ್ನು ಸುರುವಿ, ನೋಡುನೋಡುತ್ತಿದ್ದಂತೆಯೇ ಹಣ್ಣನ್ನು ಎರಡು ಗುಡ್ಡೆ ಮಾಡಿದಳು. ಬಲಿಯದುವು, ಉಗುರು ನಾಟಿದುವು, ತೊಟ್ಟು ಕಿತ್ತುಬಂದುವು ಒಂದು ಕಡೆ. ಅದು ಒಂದು ಕಿಲೋಗೆ ಕಡಿಮೆಯಿರಲಿಲ್ಲ. ನಾನು ಅಗ್ಗವೆಂದು ತಂದುದರಲ್ಲಿ ಐದನೆಯ ಒಂದು ಪಾಲು ಹಾಳು!

ಆ ರಾತ್ರಿ ನನ್ನ ಲೆಕ್ಕವನ್ನು ಮತ್ತೆ ಬರೆದೆ. ಸಂತೆಯ 60 ರೂಪಾಯಿಯಲ್ಲಿ ‘ಬಿಡಿಸುವ ಕೂಲಿ’ ಎಂದು ನಾನು ಒಂದೇ ಮಾತಿನಲ್ಲಿ ಮುಗಿಸಿದ್ದುದು ನನ್ನ ಅವ್ವನ ದಿನವಾಗಿತ್ತು. ಅದನ್ನು ವ್ಯರ್ಥಖರ್ಚಿನ ಪಟ್ಟಿಯಲ್ಲಿ ಸೇರಿಸಿ, ಅದು ಉಳಿದುದೇ ಲಾಭವೆಂದು ನಾನು ತೋಟದಲ್ಲಿ ಸಂತೋಷಪಟ್ಟಿದ್ದೆನು.

ನೇರ ಮಾರಾಟವು ಬೇಡವೆಂದು ನಾನು ಹೇಳುವುದಿಲ್ಲ. ರೈತನಿಗೆ ಬೆಲೆ ದೊರೆಯಲೇಬೇಕು. ಆದರೆ ಈ ಪದ್ಧತಿಗೆ ಮಿತಿಗಳುಂಟು. ಕವಿತಾಳದಂಥ ಊರಿಗೆ ಹಣ್ಣಿಗಾಗಿಯೇ ಬರುವ ಪಟ್ಟಣಿಗರು ಸ್ವಲ್ಪವೇ. ಉಳಿದ ಫಸಲಿಗೆ ಸಂತೆಯೂ ಬುಟ್ಟಿಯವಳೂ ಬೇಕೇ ಬೇಕು. ಬಂದವರಿಗೂ ಹಣ್ಣು ಗುರುತಿಸಬಲ್ಲ ಕೈಯ ನೆರವು ಬೇಕು. ಬಾಗಿಲ ಬೆಲೆಗೂ ಸಂತೆಯ ಬೆಲೆಗೂ ನಡುವೆ 20 ರೂಪಾಯಿಗಳ ಅಂತರವಿರುವಾಗ, ಕಿಲೋಗೆ ಇಷ್ಟೆಂದು ಹಲಗೆಯ ಮೇಲೆ ಬರೆದು, ಬಿಡಿಸಿಕೊಡುವ ಹೆಂಗಸರಿಗೆ ಅದರಲ್ಲೊಂದು ಪಾಲನ್ನು ಏಕೆ ಕೊಡಬಾರದು? ಕೊಳ್ಳುವವನ ಹಣ್ಣು ಹಾಳಾಗದು, ಗಿಡದ ಟೊಂಗೆ ಉಳಿಯುವುದು, ಬಿಡಿಸುವ ಕೈಗೂ ಕೂಲಿ ಸಿಕ್ಕುವುದು.

ಮಾಲೀಕರಿಗೆ ಈ ಮಾತನ್ನು ಫೋನಿನಲ್ಲಿ ಹೇಳಿದೆ. “ಮುಂದಿನ ಹಂಗಾಮಿಗೆ ನೋಡೋಣು ತಮ್ಮಾ” ಎಂದರು. ಮುಂದಿನ ಹಂಗಾಮಿಗೆ ನಾನು ಮತ್ತೆ ಹೋಗುವೆನು, ಅವ್ವನನ್ನೂ ಕರೆದುಕೊಂಡು.