ಓಟದ ಪಥಕ್ಕೆ ಊರಿನ ಕಾರು: ಬ್ರೇಕು ಮತ್ತು ಸ್ಪ್ರಿಂಗುಗಳ ವಿಚಾರ

ಮೋಟಾರು ಕಾರನ್ನು ಕುರಿತು ಬರೆಯಲು ಅಂತಿಮ ಬಿ.ಎ. ತರಗತಿಯವನಾದ ನನಗೆ ಏನು ಅಧಿಕಾರವೆಂದು ವಿಜ್ಞಾನ ಓದುವ ಮಿತ್ರರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಆದರೆ ತುಮಕೂರಿನಲ್ಲಿ ನನ್ನ ಸೋದರಮಾವನವರದೊಂದು ಸಣ್ಣ ಗ್ಯಾರೇಜು ಇದೆ. ನನ್ನ ರಜೆಯ ದಿನಗಳೆಲ್ಲ ಅಲ್ಲಿಯೇ ಕಳೆದಿವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಗ್ಯಾರೇಜಿನಲ್ಲಿ ನನ್ನಿಂದಾದ ಒಂದು ತಪ್ಪೇ ಈ ಲೇಖನಕ್ಕೆ ಕಾರಣವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ.

‘ಟ್ರ್ಯಾಕ್ ಡೇ’ ಎಂಬೊಂದು ಹವ್ಯಾಸವು ಈಗ ನಮ್ಮ ನಾಡಿನ ಕಾರುಪ್ರಿಯರಲ್ಲಿಯೂ ಹಬ್ಬಿದೆ. ಇದು ಪಂದ್ಯವಲ್ಲ. ದಿನನಿತ್ಯ ಓಡಿಸುವ ಸ್ವಂತ ಕಾರನ್ನೇ ತೆಗೆದುಕೊಂಡು ಹೋಗಿ, ಶುಲ್ಕ ತೆತ್ತು, ತಲೆಗೆ ಹೆಲ್ಮೆಟ್ಟು ಧರಿಸಿ, ಎದುರಿನಿಂದ ವಾಹನವಾಗಲಿ ದನವಾಗಲಿ ಬಾರದ ಓಟದ ಪಥದಲ್ಲಿ ಮನಸಾರೆ ಓಡಿಸುವುದು. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರಂಬದೂರಿನಾಚೆ ಇರುಂಗಾಟ್ಟುಕೋಟ್ಟೈ ಎಂಬಲ್ಲಿ ಸುಮಾರು 3.7 ಕಿ.ಮೀ. ಉದ್ದದ ಪಥವೊಂದಿದೆ, ಅದು 1990ರಲ್ಲಿ ಆರಂಭವಾಯಿತು. ಅದಕ್ಕೂ ಹಿಂದೆ ಮದ್ರಾಸಿನ ಓಟಗಳು ಶೋಳಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. ಬೆಂಗಳೂರಿನವರು ಬೆಳಗಿನ ಜಾವ ಹೊರಟು ಅಲ್ಲಿಗೆ ಹೋಗಿ, ಅದೇ ಕಾರಿನಲ್ಲಿ ರಾತ್ರಿ ಮನೆ ಸೇರುವುದುಂಟು. ‘ಅದೇ ಕಾರಿನಲ್ಲಿ’ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ಊರಿನಲ್ಲಿ ಚೆನ್ನಾಗಿಯೇ ನಿಲ್ಲುವ ಕಾರು ಪಥದಲ್ಲಿ ಏಕೆ ನಿಲ್ಲಲಾರದು? ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಚಾಲಕನೂ ಸೇರಿ ಕಾರಿನ ತೂಕ 1,100 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಬ್ರೇಕುಗಳು ನುಂಗಬೇಕಾದ ಚಲನಶಕ್ತಿ ಸುಮಾರು 68 ಕಿಲೋಜೌಲ್. ಪಥದಲ್ಲಿ 140ರಿಂದ 60ಕ್ಕೆ ಇಳಿದು ತಿರುವು ಹೊಗುವಾಗ ಅದು ಸುಮಾರು 680. ಸರಿಯಾಗಿ ಹತ್ತುಪಟ್ಟು! ಎರಡು ಲೀಟರು ತಣ್ಣೀರನ್ನು ಮರಳಿಸುವಷ್ಟು ಶಾಖವಿದು. ಹುಟ್ಟುವುದು ಮೂರು ಸೆಕೆಂಡಿನೊಳಗೆ. ಶಕ್ತಿ ನಾಶವಾಗುವುದಿಲ್ಲವಷ್ಟೆ, ಘರ್ಷಣೆಯಿಂದ ಅದೆಲ್ಲ ಶಾಖವಾಗಿ ಮುಖ್ಯವಾಗಿ ಮುಂದಿನ ಎರಡು ಡಿಸ್ಕುಗಳನ್ನು ಸೇರುತ್ತದೆ. ಡಿಸ್ಕು ಒಂದೊಂದೂ 5 ಕೆ.ಜಿ. ಕಬ್ಬಿಣವಾದರೆ, ಒಂದು ಸಲ ಬಲವಾಗಿ ಬ್ರೇಕು ಹಾಕಿದಾಗ ಅದರ ಉಷ್ಣತೆ ಹೆಚ್ಚುಕಡಿಮೆ 100 ಡಿಗ್ರಿ ಏರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬರುತ್ತದೆ.

ಬ್ರೇಕಿನ ಚರಿತ್ರೆಯೆಂದರೆ ಶಾಖದೊಡನೆ ಹೋರಾಡಿದ ಚರಿತ್ರೆಯೆಂದರೂ ಸಲ್ಲುತ್ತದೆ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಕುದುರೆಗಾಡಿಗಳಿಗಾಗಿ ಬ್ರೇಕಿನ ಕಟ್ಟೆಗಳನ್ನು ತಯಾರಿಸತೊಡಗಿದನು. ಗುಡ್ಡ ಇಳಿಯುವ ರೈತರು ಹಳೆಯ ಬೂಟುಗಳನ್ನು ಬ್ರೇಕಿಗೆ ಕಟ್ಟುತ್ತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕು ಅಳವಡಿಸಿದ್ದ ಜಾಗ್ವಾರ್ ಕಾರು ಗೆದ್ದಿತು. ಡ್ರಮ್ಮಿನೊಳಗೆ ಸೆರೆಯಾಗುವ ಶಾಖವು ಬಯಲಿಗೆ ತೆರೆದ ಡಿಸ್ಕಿನಿಂದ ಬೇಗ ಹೊರಟುಹೋಗುತ್ತದೆ.

ಇನ್ನು ನಮ್ಮ ಕಥೆ. ಮಾವನವರ ಗಿರಾಕಿಯೊಬ್ಬರು ತಮ್ಮ ಹಳೆಯ ಸ್ವಿಫ್ಟ್ ಕಾರನ್ನು ಟ್ರ್ಯಾಕ್ ಡೇಗೆ ಒಯ್ಯುವವರಿದ್ದರು. ಅವರು ಬೇರೆಡೆಯಲ್ಲಿ ಸ್ಪ್ರಿಂಗುಗಳ ಒಂದು ಸುತ್ತು ಕೊಯ್ಸಿ ಕಾರನ್ನು ತಗ್ಗಿಸಿದ್ದರು. ಬ್ರೇಕಿನ ಕ್ಯಾಲಿಪರುಗಳಿಗೆ ಕೆಂಪು ಬಣ್ಣ ಬಳಿಸಿದ್ದರು. ನಮ್ಮಲ್ಲಿಗೆ ಬಂದದ್ದು ಬರಿಯ ತಪಾಸಣೆಗೆ. ಮಾವ ಆ ಕೆಲಸವನ್ನು ನನಗೆ ವಹಿಸಿದರು. ಬ್ರೇಕ್ ಆಯಿಲಿನ ಮಟ್ಟ ಗೆರೆಗಿಂತ ಕೆಳಗಿತ್ತು. ಗೂಡಿನಲ್ಲಿದ್ದ ಅರ್ಧ ಡಬ್ಬವನ್ನು ತೆಗೆದು ಮೇಲಿನ ಗೆರೆಯವರೆಗೆ ತುಂಬಿ, ಚೀಟಿಯಲ್ಲಿ ‘ಸರಿಯಿದೆ’ ಎಂದು ಬರೆದೆ.

ಪಥಕ್ಕೆ ನಾವಿಬ್ಬರೂ ಜೊತೆಯಲ್ಲಿ ಹೋಗಿದ್ದೆವು. ಐದನೆಯ ಸುತ್ತಿನಲ್ಲಿ ಕಾರು ನೆಟ್ಟಗಿನ ದಾರಿಯ ಕೊನೆಯಲ್ಲಿ ತಿರುಗದೆ ಮಣ್ಣಿಗೆ ನುಗ್ಗಿ, ಧೂಳೆಬ್ಬಿಸಿ, ಬಹು ದೂರ ಹೋಗಿ ನಿಂತಿತು. ಅವರಿಗೆ ಗಾಯವಾಗಲಿಲ್ಲ. ಪೆಡಲು ನೆಲ ಮುಟ್ಟಿತೆಂದು ಹೇಳುವಾಗ ಅವರ ತುಟಿ ಒಣಗಿತ್ತು. ಮಾವ ಅಂದು ನನ್ನನ್ನು ಏನೂ ಅನ್ನಲಿಲ್ಲ. ಮರುದಿನ ಗ್ಯಾರೇಜಿನಲ್ಲಿ ಆ ಡಬ್ಬವನ್ನು ನನ್ನ ಕೈಗೆ ಕೊಟ್ಟು, “ನಂಗೆ ಇಂಗ್ಲಿಷ್ ಬರಾಕಿಲ್ಲ. ಓದ್ದೋನು ನೀನು. ಇದ್ರ ಮೇಲೆ ಏನು ಬರ್ದವ್ರೆ, ಓದಿ ಹೇಳಪ್ಪಾ,” ಎಂದರು. ಮೊಹರು ಒಡೆಯದ ಡಬ್ಬದಿಂದ ಮಾತ್ರ ಬಳಸಬೇಕು, ತೇವ ತಾಗಗೊಡಬಾರದು ಎಂದು ಬರೆದಿತ್ತು. ಓದಿ ಹೇಳುವಷ್ಟರಲ್ಲಿ ನನ್ನ ದನಿ ಇಂಗಿತು.

ಆ ಡಬ್ಬದಲ್ಲಿ ಬರೆದಿದ್ದುದರ ಅರ್ಥವನ್ನು ಆಮೇಲೆ ಕುಳಿತು ತಿಳಿದುಕೊಂಡೆ. ಬ್ರೇಕ್ ಆಯಿಲೆಂದು ನಾವು ಕರೆಯುವುದು ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ವರ್ಗದ ದ್ರವ. ಉಪ್ಪು ಮಳೆಗಾಲದಲ್ಲಿ ಹೇಗೋ ಹಾಗೆ ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ದ್ರವವನ್ನು ಅದುಮಲು ಬಾರದು, ಆದುದರಿಂದಲೇ ಪಾದದ ಒತ್ತಡ ಗಾಲಿಗೆ ಮುಟ್ಟುತ್ತದೆ. ಕುದಿದು ಹಬೆಯಾದರೆ ಹಬೆ ಅದುಮಿಕೊಳ್ಳುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಇನ್ನೂ ಒಂದು ಮಾತು ನನಗೆ ಅಂದು ಹೊಳೆದಿರಲಿಲ್ಲ. ಎಲ್ಲಿಯೂ ಸೋರದೆ ಆಯಿಲಿನ ಮಟ್ಟ ಇಳಿದಿದೆಯೆಂದರೆ ಪ್ಯಾಡುಗಳು ಸವೆದಿವೆಯೆಂದು ಅರ್ಥ. ಪ್ಯಾಡು ತೆಳುವಾದಷ್ಟೂ ಡಿಸ್ಕಿನ ಶಾಖ ಆಯಿಲಿಗೆ ಬೇಗ ಮುಟ್ಟುತ್ತದೆ. ನಾನು ತುಂಬಿದ್ದು ಆ ಎಚ್ಚರಿಕೆಯನ್ನು ಮುಚ್ಚಿಹಾಕಿತು.

ಆದುದರಿಂದ ಹಣ ಖರ್ಚಾಗಬೇಕಾದ ಮೊದಲ ಜಾಗ ಇದು: ಹಳೆಯ ಆಯಿಲನ್ನೆಲ್ಲ ಹೊರಹಾಕಿ, ಹೊಸ ಡಬ್ಬ ಒಡೆದು ಡಾಟ್ 4 ತುಂಬಿ, ನಾಲ್ಕು ಗಾಲಿಗಳಲ್ಲಿಯೂ ಏರ್ ತೆಗೆಯುವುದು. ಡಾಟ್ 5 ಎಂಬುದು ಸಿಲಿಕೋನಿನದು; ಅಂಕಿ ದೊಡ್ಡದೆಂದು ಅದನ್ನು ಇದರೊಡನೆ ಬೆರೆಸಬಾರದು. ಎರಡನೆಯದು ಪ್ಯಾಡು. ಮಾಮೂಲಿ ಪ್ಯಾಡು ಅತಿಯಾಗಿ ಕಾದಾಗ ಅದರ ಅಂಟುಪದಾರ್ಥ ಸುಟ್ಟು ಹಿಡಿತ ತಪ್ಪುತ್ತದೆ. ಹಾಗೆಂದು ಪೂರ್ಣ ಪಂದ್ಯದ ಪ್ಯಾಡನ್ನು ಹಾಕುವುದೂ ಅಪಾಯವೇ. ಅದು ಕಾದಾಗ ಮಾತ್ರ ಹಿಡಿಯುತ್ತದೆ, ತಣ್ಣಗಿರುವಾಗ ಹಿಡಿಯುವುದು ಕಡಿಮೆ. ಬೆಳಗಿನ ಜಾವದ ತಣ್ಣನೆಯ ಹೆದ್ದಾರಿಯಲ್ಲಿ ಅದೇ ಕಾರಿನಲ್ಲಿಯೇ ಹೋಗಬೇಕಲ್ಲವೆ? ರಸ್ತೆಗೂ ಪಥಕ್ಕೂ ಒದಗುವ ನಡುವಣ ದರ್ಜೆಯದೇ ಯೋಗ್ಯ. ದೊಡ್ಡ ಡಿಸ್ಕಿನ ವಿಚಾರದಲ್ಲಿ ತಪ್ಪು ಕಲ್ಪನೆ ಬಹಳ. ಒಂದೇ ಸಲ ನಿಲ್ಲುವುದಾದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದನ್ನು ಕೊನೆಗೆ ನಿರ್ಣಯಿಸುವುದು ಟೈರು. ಈಗಿರುವ ಬ್ರೇಕೇ ಗಾಲಿಯನ್ನು ಕಟ್ಟಿಹಾಕಬಲ್ಲುದಾದರೆ ದೊಡ್ಡ ಡಿಸ್ಕಿನಿಂದ ದೂರ ಕಡಿಮೆಯಾಗದು. ಹತ್ತನೆಯ ಸಲವೂ ಮೊದಲಿನಂತೆಯೇ ನಿಲ್ಲುವುದಕ್ಕೆ ಮಾತ್ರ ಅದು ನೆರವು. ಕೆಂಪು ಬಣ್ಣದಿಂದ ಯಾವ ಪ್ರಯೋಜನವೂ ಇಲ್ಲ!

ಸ್ಪ್ರಿಂಗುಗಳಿಗೆ ಬರೋಣ. ಬಲವಾಗಿ ಬ್ರೇಕು ಹಾಕಿದಾಗ ನಮ್ಮ ಲೆಕ್ಕದ ಕಾರಿನ ಹಿಂಗಾಲಿಗಳಿಂದ ಮುಂಗಾಲಿಗಳಿಗೆ ಸುಮಾರು 200 ಕೆ.ಜಿ. ಭಾರ, ಅಂದರೆ ನಾಲ್ಕು ಮೂಟೆ ಸಿಮೆಂಟು, ವರ್ಗವಾಗುತ್ತದೆ. ತಿರುವಿನಲ್ಲಿ ಹೀಗೆಯೇ ಹೊರಬದಿಗೆ. ಗಡುಸಾದ ಸ್ಪ್ರಿಂಗು ಹಾಕಿದರೆ ಈ ಭಾರವರ್ಗವೇ ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ವರ್ಗವಾಗುವ ಭಾರವು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಗಾಲಿಗಳ ನಡುವಣ ಅಂತರ, ವೇಗ ಬದಲಾಗುವ ತೀವ್ರತೆ ಇವುಗಳನ್ನು ಅವಲಂಬಿಸಿದೆ. ಸ್ಪ್ರಿಂಗು ಮಾಡುವುದು ಕಾರು ಎಷ್ಟು ವಾಲಬೇಕು, ಆ ಭಾರವನ್ನು ಮುಂದಿನ ಜೋಡಿ ಎಷ್ಟು ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬುದನ್ನು. ಮುಂಗಾಲಿ ಎಳೆಯುವ ಸಣ್ಣ ಕಾರು ತಿರುವಿನಲ್ಲಿ ಮೂಗು ಹೊರಕ್ಕೆ ಹಾಕುವ ಸ್ವಭಾವದ್ದು. ಹಿಂದಿನ ಸ್ಪ್ರಿಂಗುಗಳನ್ನು ತುಸು ಗಡುಸು ಮಾಡಿದರೆ ಈ ಹಟ ಕಡಿಮೆಯಾಗುತ್ತದೆ. ಅತಿಯಾದರೆ ಕಾರಿನ ಬಾಲವೇ ಹೊರಕ್ಕೆ ಹೋದೀತು.

ಸುತ್ತು ಕೊಯ್ದ ಸ್ಪ್ರಿಂಗಿನ ಕೇಡೇನೆಂದರೆ ಅದು ಗಿಡ್ಡವಾಗುತ್ತದೆ, ಗಡುಸೂ ಆಗುತ್ತದೆ. ಆದರೆ ಶಾಕ್ ಅಬ್ಸಾರ್ಬರು ಹಳೆಯದೇ. ಸ್ಪ್ರಿಂಗು ಪುಟಿದಾಗ ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ತಳ್ಳಿ ಆ ಕುಣಿತವನ್ನು ಶಾಖವಾಗಿಸಿ ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಟೈರು ನೆಲವನ್ನು ಬಿಟ್ಟು ಬಿಟ್ಟು ಮುಟ್ಟುತ್ತದೆ. ಕಾರು ತೀರ ತಗ್ಗಿದ್ದರೆ ತುದಿಯ ರಬ್ಬರಿಗೆ ಬಡಿದು, ತಿರುವಿನ ನಡುವೆ ಸ್ಪ್ರಿಂಗೇ ಇಲ್ಲವೆಂಬಂತಾಗುತ್ತದೆ. ಆದುದರಿಂದ ಇವನ್ನು ಜೊತೆಯಾಗಿಯೇ ಬದಲಿಸಬೇಕು, ಅದಕ್ಕೂ ಮೊದಲು ಸವೆದ ಬುಷ್ಷುಗಳನ್ನು. ಕಾರು ತಯಾರಕರ ವಿವರಕ್ಕೆ ಭಿನ್ನವಾದ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಕಟ್ಟುಪಾಡಿದೆ ಎಂಬುದನ್ನೂ ರಸ್ತೆಯ ಕಾರಿನವರು ಮರೆಯಬಾರದು. ಟೈರಿನ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ತಿರುವಿನಲ್ಲಿ ಗಾಲಿ ಹೊರಕ್ಕೆ ವಾಲುತ್ತಿದೆಯೆಂದು ತಿಳಿದು ಅಲೈನ್‌ಮೆಂಟಿನವರಲ್ಲಿಗೆ ಹೋಗಬೇಕು.

ಮಾವ ಆ ಕಾರನ್ನು ಕೂಲಿಯಿಲ್ಲದೆ ಸರಿಮಾಡಿಕೊಟ್ಟರು. ಆಯಿಲು, ಪ್ಯಾಡು, ಕಂಪನಿಯ ಹೊಸ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರು, ಅಷ್ಟೆ. ಅದೇ ಗಿರಾಕಿ ಮತ್ತೆ ನಮ್ಮನ್ನು ಕರೆದುಕೊಂಡು ಹೋದರೆಂಬುದು ಅವರ ದೊಡ್ಡತನ. ಈ ಸಲ ಐದು ಸುತ್ತು ವೇಗವಾಗಿ, ಒಂದು ಸುತ್ತು ಬ್ರೇಕು ಮುಟ್ಟದೆ ನಿಧಾನವಾಗಿ ಎಂದು ಗೊತ್ತುಮಾಡಿದ್ದೆವು. ನಿಂತ ಮೇಲೆ ಪೆಡಲು ಒತ್ತಿ ಹಿಡಿಯದೆ, ಹ್ಯಾಂಡ್ ಬ್ರೇಕೂ ಹಾಕದೆ, ಗಾಲಿಗೆ ಕಲ್ಲು ಕೊಡುವುದು ನನ್ನ ಕೆಲಸ. ಪ್ರತಿ ಸರದಿಯ ತರುವಾಯವೂ ಮಾವ ಕಿಟಕಿಯಿಂದ ಬಗ್ಗಿ ಪೆಡಲನ್ನು ಕೈಯಿಂದ ಒತ್ತಿ ನೋಡುತ್ತಿದ್ದರು. ನಾಲ್ಕನೆಯ ಸರದಿಯ ಮೇಲೆ ನೋಡಲಿಲ್ಲ. ನೆರಳಿಗೆ ಹೋಗಿ ಬುತ್ತಿ ಬಿಚ್ಚುತ್ತ, ಉಳಿದ ಅರ್ಧ ಡಬ್ಬ ಆಯಿಲನ್ನು ಗೂಡಿಗೆ ಸೇರಿಸಬೇಡವೆಂದು ಮಾತ್ರ ನನಗೆ ಹೇಳಿದರು.