ಕಾಲಿನ ಬಲ ಕುಂದಿದ್ದು ಕಾಗದಕ್ಕೆ ಬರಲಿ

ಪ್ರಶ್ನೆ: ನನ್ನ ಯಜಮಾನರು ಅಮೆರಿಕದ ಸೇನೆಯಲ್ಲಿದ್ದವರು. ಬೆನ್ನಿಗೆ ಪೆಟ್ಟಾಗಿ ಎಡಗಾಲಿನ ಶಕ್ತಿ ಕುಂದಿದೆ. ಮೆಟ್ಟಿಲಿಳಿಯುವಾಗ ಕಾಲು ಸೋತುಬಿಡುತ್ತದೆ. ಮಾಜಿ ಸೈನಿಕರ ಇಲಾಖೆ, ಅಂದರೆ ವಿ.ಎ., ಸಯಾಟಿಕ್ ನರದ ತೊಂದರೆ ಎಂದು ಶೇ 10 ಅಂಗವೈಕಲ್ಯ ಮಾತ್ರ ಕೊಟ್ಟಿದೆ. ಮೇಲ್ಮನವಿ ಹಾಕೋಣ ಎಂದರೆ, ‘ಬಿಡು, ನನಗಿಂತ ಕಷ್ಟದಲ್ಲಿರೋರಿದ್ದಾರೆ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಟೆಕ್ಸಾಸ್

ಉತ್ತರ: ಇನ್ನೊಬ್ಬರ ಪಾಲು ಕಿತ್ತುಕೊಂಡಂತಾಗುತ್ತದೆ ಎಂಬ ಅಳುಕು ಅವರಿಗಿದ್ದರೆ ಮೊದಲು ಅದನ್ನು ಹೋಗಲಾಡಿಸಿ. ಅವರ ಶೇಕಡಾವಾರು ಏರಿದರೆ ಬೇರೆ ಯಾವ ಯೋಧನಿಗೂ ಒಂದು ಡಾಲರ್ ಕಡಿಮೆಯಾಗುವುದಿಲ್ಲ.

ಸಯಾಟಿಕ್ ನರಕ್ಕೆ ವಿ.ಎ. 10, 20, 40, 60, 80 ಎಂದು ಹಂತಗಳನ್ನಿಟ್ಟಿದೆ. ಬರೀ ಜೋಮು, ಉರಿ, ನೋವು ಎಂದು ದಾಖಲಾಗಿದ್ದರೆ ಹೆಚ್ಚೆಂದರೆ 20. ಅದರಾಚೆ ಹೋಗಬೇಕಾದರೆ ಬಲ ಕುಂದಿದ್ದು, ಸ್ನಾಯು ಸೊರಗಿದ್ದು ದಾಖಲೆಯಲ್ಲಿರಬೇಕು. ಆದ್ದರಿಂದ ವಿ.ಎ. ಮಾಡಿಸಿದ ವೈದ್ಯಕೀಯ ಪರೀಕ್ಷೆಯ ವರದಿಯನ್ನು ತರಿಸಿ ಓದಿ. ಪಾದ ಮೇಲೆತ್ತುವ, ಮಂಡಿ ಮಡಿಸುವ ಬಲಕ್ಕೆ 0ಯಿಂದ 5ರವರೆಗೆ ಅಂಕ ಹಾಕಿರುತ್ತಾರೆ. ಎಲ್ಲ ಕಡೆ 5, ಅಂದರೆ ಪೂರ್ತಿ ಬಲ, ಎಂದಿದ್ದರೆ ಗಂಟು ಅಲ್ಲೇ ಇದೆ. ಬೆಳಗ್ಗೆ ವಿಶ್ರಾಂತಿ ಮುಗಿಸಿ ಹೋದವರ ಕಾಲಿನ ಬಲ ಬೇರೆ, ಇಡೀ ದಿನ ಓಡಾಡಿ ಸಂಜೆ ಮನೆಗೆ ಬಂದವರದು ಬೇರೆ. ಜೊತೆಗೆ, ವರ್ಷಗಟ್ಟಲೆ ನೋವು ನುಂಗಿ ಅಭ್ಯಾಸವಾದ ಸೈನಿಕರು ವೈದ್ಯರೆದುರೂ ‘ಪರವಾಗಿಲ್ಲ’ ಎಂದುಬಿಡುತ್ತಾರೆ. ಆ ಮಾತು ಹಾಗೇ ವರದಿಗೆ ಇಳಿಯುತ್ತದೆ. ಸೈನಿಕರ ಮನೆಗಳ ಕಾಗದ ನೋಡುವಾಗ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

2019ರಿಂದ ಮೇಲ್ಮನವಿಗೆ ಮೂರು ದಾರಿಗಳಿವೆ. ಹೈಯರ್ ಲೆವೆಲ್ ರಿವ್ಯೂನಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. 5 ಎಂದು ಬರೆದ ವರದಿಯನ್ನೇ ಇನ್ನೊಬ್ಬ ಅಧಿಕಾರಿಗೆ ಓದಿಸಿ ಫಲವೇನು? ಬೋರ್ಡ್ ಅಪೀಲು ನಿಧಾನ. ನಿಮಗೆ ಸಪ್ಲಿಮೆಂಟಲ್ ಕ್ಲೇಮೇ ಸರಿ, ಅದು ನಿಲ್ಲುವುದು ಹೊಸ ಪುರಾವೆಯ ಮೇಲೆ. ನರರೋಗ ತಜ್ಞರಿಂದ ಬಲದ ಪರೀಕ್ಷೆ ಮಾಡಿಸಿ, ಇ.ಎಂ.ಜಿ. ಎಂಬ ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆ ಮಾಡಿಸಿ, ಎರಡೂ ಮೀನಖಂಡಗಳ ಸುತ್ತಳತೆ ಬರೆಸಿಕೊಳ್ಳಿ. 21-10210 ಎಂಬ ಫಾರಂನಲ್ಲಿ ನಿಮ್ಮ ಹೇಳಿಕೆಯನ್ನೂ ಕೊಡಬಹುದು. ಅದನ್ನು ಹಗುರವಾಗಿ ಎಣಿಸಬೇಡಿ, ದಿನವೂ ಆ ಕಾಲನ್ನು ನೋಡುತ್ತಿರುವವರು ನೀವು. ಯಾವ ತಿಂಗಳು ಎಲ್ಲಿ ಬಿದ್ದರು, ಎಷ್ಟು ದೂರ ನಡೆದರೆ ಪಾದ ಎಳೆಯುತ್ತಾರೆ, ಎಡಗಾಲಿನ ಶೂ ತುದಿ ಮಾತ್ರ ಸವೆಯುತ್ತದೆಯೇ, ಇಂಥದ್ದನ್ನು ಕಂಡಷ್ಟೇ ಬರೆಯಿರಿ.

ತೀರ್ಮಾನದ ಪತ್ರದ ಮೇಲಿರುವ ತಾರೀಖಿನಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಪರಿಹಾರ ಲೆಕ್ಕಕ್ಕೆ ಹಳೆಯ ತಾರೀಖೇ ಉಳಿಯುತ್ತದೆ, ಗೆದ್ದರೆ ಬಾಕಿ ಹಣವೂ ಸಿಗಬಹುದು. ತಡವಾದರೂ ಹಾಕಬಹುದು, ಆದರೆ ಆ ತಾರೀಖು ಸಾಮಾನ್ಯವಾಗಿ ಕೈತಪ್ಪುತ್ತದೆ. ಅಮೆರಿಕನ್ ಲೀಜನ್, ಡಿ.ಎ.ವಿ.ಯಂಥ ಸಂಘಟನೆಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ದುಡ್ಡು ತೆಗೆದುಕೊಳ್ಳದೆ ಅರ್ಜಿ ಸಿದ್ಧಪಡಿಸಿಕೊಡುತ್ತಾರೆ.

ಮತ್ತೆ ಪರೀಕ್ಷೆಗೆ ಕರೆ ಬಂದರೆ ತಪ್ಪಿಸಬೇಡಿ. ನೀವೂ ಜೊತೆಗೆ ಹೋಗಿ. ಕಾಲು ಚೆನ್ನಾಗಿರುವ ದಿನ ಹೇಗೆ, ಕೆಟ್ಟ ದಿನ ಹೇಗೆ, ತಿಂಗಳಲ್ಲಿ ಅಂಥ ದಿನಗಳೆಷ್ಟು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿ.